ಕರೆಂಟ್ ಹೋದಾಗಲೆಲ್ಲ ಪಟ್ಟಿ ಮರೆಯುತ್ತಿದ್ದ ಮ್ಯೂಸಿಕ್ ಸರ್ವರ್: ಹದಿನಾಲ್ಕು ತಿಂಗಳ ಬಳಕೆಯ ನಂತರ ಒಂದು ವಿಮರ್ಶೆ

ತುಮಕೂರಿನ ನಮ್ಮ ಮನೆಯಲ್ಲಿ ಹದಿನಾಲ್ಕು ತಿಂಗಳಿಂದ ಒಂದು ಮ್ಯೂಸಿಕ್ ಸರ್ವರ್ ತಂತ್ರಾಂಶ ಕೆಲಸ ಮಾಡುತ್ತಿದೆ. ಮಹಡಿಯ ಕೋಣೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್‌ಗೆ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಸಿ ಅದರಲ್ಲಿ ಈ ತಂತ್ರಾಂಶವನ್ನು ಇರಿಸಿದ್ದೇನೆ. ಹಾಡುಗಳೆಲ್ಲ ಅದಕ್ಕೆ ಜೋಡಿಸಿದ ಒಂದು ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ಹಜಾರದ ಆಂಪ್ಲಿಫೈಯರ್, ಅಡುಗೆಮನೆಯ ಪುಟ್ಟ ಸ್ಪೀಕರ್ ಮತ್ತು ಮನೆಯವರ ಮೊಬೈಲ್‌ಗಳು ವೈಫೈ ಮೂಲಕ ಅಲ್ಲಿಂದ ಹಾಡು ಪಡೆಯುತ್ತವೆ. ಇದು ಉಚಿತ ತಂತ್ರಾಂಶ. ಹಾಡು ಕೇಳಿಸುವ ಕೆಲಸದಲ್ಲಿ ಇದಕ್ಕೆ ಧಾರಾಳವಾಗಿ ಅಂಕ ಕೊಡುತ್ತೇನೆ. ಆದರೆ ಕಂಪ್ಯೂಟರ್ ಒಮ್ಮೆ ಆರಿ ಹೊತ್ತಿಕೊಂಡರೆ ಪ್ಲೇಲಿಸ್ಟ್‌ಗಳನ್ನು ಕಳೆದುಕೊಳ್ಳುವ ಇದರ ಚಾಳಿ ನಮ್ಮ ಮನೆಯ ನೆಮ್ಮದಿಯನ್ನು ಎಂಟು ತಿಂಗಳ ಕಾಲ ಕೆಡಿಸಿತು. ತಂತ್ರಾಂಶದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪಿನಲ್ಲಿ ಅದರ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ. ಅಲ್ಲದೆ ಮನೆಯಲ್ಲಿ ಇಂಥ ಸರ್ವರ್ ಇಟ್ಟುಕೊಂಡವರು ಯಾವ ತಂತ್ರಾಂಶ ಬಳಸಿದರೂ ಮುಂದಿನ ಮಾತುಗಳಲ್ಲಿ ಕೆಲವಾದರೂ ಅವರಿಗೆ ಸಲ್ಲುತ್ತವೆ.

ಪಟ್ಟಿ ಹೋದರೆ ಏನಾಯಿತು, ಮತ್ತೆ ಮಾಡಿಕೊಳ್ಳಬಹುದಲ್ಲ ಎನ್ನುವವರಿಗೆ ನಮ್ಮ ಸಂಗ್ರಹದ ವಿಷಯ ಹೇಳಬೇಕು. ನಮ್ಮ ತಂದೆಯವರು ಗುಬ್ಬಿ ಕಡೆಯವರು. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯ ಹೆಸರು ಕೇಳಿದರೆ ಸಾಕು, ಅವರ ಮುಖ ಅರಳುತ್ತಿತ್ತು. ರಂಗಗೀತೆ, ದೇವರನಾಮ, ವಚನಗಾಯನ, ರೇಡಿಯೋದಿಂದ ಹಿಡಿದ ಭಾವಗೀತೆ ಎಂದು ಅವರು ಬಿಟ್ಟುಹೋದ ಕ್ಯಾಸೆಟ್‌ಗಳು ಮೂರು ರಟ್ಟಿನ ಪೆಟ್ಟಿಗೆಗಳಷ್ಟಿದ್ದವು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರ್‌ಗೆ ಇಳಿಸಲು ಅರವತ್ತು ನಿಮಿಷವೇ ಬೇಕು, ಅದರಲ್ಲಿ ಒಳದಾರಿಯಿಲ್ಲ. ಅರ್ಧದಷ್ಟನ್ನು ನಾನು ಇಳಿಸಿದೆ, ಉಳಿದರ್ಧವನ್ನು ಮೈಸೂರಿನಲ್ಲಿರುವ ಮಗಳು ತನ್ನ ಹಳೆಯ ಮ್ಯಾಕ್ ಕಂಪ್ಯೂಟರ್‌ನಲ್ಲಿ ಇಳಿಸಿ ಕಡತಗಳಿಗೆ ಕನ್ನಡದಲ್ಲೇ ಹೆಸರು ಬರೆದು ತಂದುಕೊಟ್ಟಳು. ಈ ಮ್ಯಾಕ್ ಮುಂದೆ ಕಥೆಯಲ್ಲಿ ಬರುತ್ತದೆ, ನೆನಪಿರಲಿ. ಒಟ್ಟು ಐದು ಸಾವಿರದ ಎಂಟುನೂರು ಕಡತಗಳಲ್ಲಿ ಹುಡುಕಿ ಆರಿಸಿ ನನ್ನ ಹೆಂಡತಿ ಮೂವತ್ತೇಳು ಪಟ್ಟಿಗಳನ್ನು ಮಾಡಿದ್ದಳು. ‘ನಸುಕು’, ‘ಒಗ್ಗರಣೆ ಹೊತ್ತು’, ‘ಶುಕ್ರವಾರ’, ‘ಮಾವನವರದು’ ಎಂದು ಅವುಗಳ ಹೆಸರು. ‘ಮಾವನವರದು’ ಒಂದಕ್ಕೇ ಎರಡು ತಿಂಗಳು ಹಿಡಿದಿತ್ತು. ಹಾಡು ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕೆಂಬ ಆಲೋಚನೆ ಇರುವುದು ಪಟ್ಟಿಯಲ್ಲಿ ಮಾತ್ರ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಫ್ಲ್ಯಾಕ್ ಎಂಬ, ಧ್ವನಿಯ ಗುಣ ಕೆಡದ ಬಗೆಯ ಕಡತಗಳನ್ನು ಇದು ಒಂದಿಷ್ಟೂ ತಡವರಿಸದೆ ಕೇಳಿಸುತ್ತದೆ. ಕ್ಯಾಸೆಟ್ಟಿನ ಒಂದು ಬದಿಯನ್ನು ನಾಲ್ಕು ತುಂಡು ಮಾಡಿಟ್ಟಿದ್ದರೂ ತುಂಡುಗಳ ನಡುವೆ ಮೌನ ನುಸುಳುವುದಿಲ್ಲ. ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ನಾಲ್ಕು ಜಿಬಿ ರ‍್ಯಾಮ್‌ನ ಮುದಿ ಯಂತ್ರದಲ್ಲೂ ಅದಕ್ಕೆ ಏದುಸಿರಿಲ್ಲ. ಮೊಬೈಲ್‌ನ ಪರದೆ ಎಷ್ಟು ಸರಳವೆಂದರೆ ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಗೆ ಯಾರನ್ನೂ ಕೇಳದೆ ತಮಗೆ ಬೇಕಾದ ದೇವರನಾಮ ಹಾಕಿಕೊಳ್ಳುತ್ತಾರೆ.

ಇನ್ನು ದೂರು. ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತದೆ. ಹಜಾರದ ದೀಪ, ಫ್ಯಾನುಗಳು ಇನ್ವರ್ಟರ್ ಮೇಲಿವೆ, ಮಹಡಿಯ ಕೋಣೆ ಇಲ್ಲ. ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಏಳುವಂತೆ ಬಯಾಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಹೊಂದಿಸಿದ್ದೆ. ಅದು ಏಳುತ್ತಿತ್ತು, ಸರ್ವರ್ ಕೂಡ ಏಳುತ್ತಿತ್ತು, ಪಟ್ಟಿಗಳು ಮಾತ್ರ ಏಳುತ್ತಿರಲಿಲ್ಲ. ‘ರೀ, ಇವತ್ತೂ ಇದರಲ್ಲಿ ಏನೂ ಇಲ್ಲ ನೋಡಿ’ ಎಂಬ ಮಾತು ಅಡುಗೆಮನೆಯಿಂದ ಬಂದರೆ ನಾನು ಮಹಡಿ ಹತ್ತಬೇಕಾಗುತ್ತಿತ್ತು. ಬಸ್ ನಿಲ್ದಾಣದ ಬಳಿಯ ಒಂದು ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕರೆಸಿದೆ. ಆತ ಹತ್ತು ನಿಮಿಷ ನೋಡಿ, ‘ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್, ಎಲ್ಲಾ ಸರಿಹೋಗುತ್ತೆ’ ಎಂದು ನಾನೂರು ರೂಪಾಯಿ ತೆಗೆದುಕೊಂಡು ಹೋದ. ಫಾರ್ಮ್ಯಾಟ್ ಮಾಡಿಸಲಿಲ್ಲ, ಪುಣ್ಯಕ್ಕೆ ಆ ಬುದ್ಧಿ ಉಳಿದಿತ್ತು. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸಿದವನು ನಾನು. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಪ್ರತಿ ಬಾರಿ ಕಂಪ್ಯೂಟರ್ ಮತ್ತೆ ಶುರುವಾದಾಗ ಏನು ಉಳಿದಿದೆ, ಏನು ಹೋಗಿದೆ ಎಂದು ಬರೆಯತೊಡಗಿದೆ.

ಮೂರು ವಾರ ಬರೆದ ಮೇಲೆ ತಿಳಿದದ್ದು ಇಷ್ಟು: ‘ಪಟ್ಟಿ ಹೋಯಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತಿದ್ದುದು ನಾಲ್ಕು ಬೇರೆ ಬೇರೆ ರೋಗಗಳಾಗಿದ್ದವು. ಕೆಲವೊಮ್ಮೆ ಆ ಹೊತ್ತಿಗೆ ಕೇಳುತ್ತಿದ್ದ ಸರದಿ ಮಾತ್ರ ಹೋಗುತ್ತಿತ್ತು, ಉಳಿಸಿದ ಪಟ್ಟಿಗಳು ಇರುತ್ತಿದ್ದವು. ಕೆಲವೊಮ್ಮೆ ಪಟ್ಟಿಗಳ ಹೆಸರು ಇದ್ದು ಒಳಗೆ ಒಂದು ಹಾಡೂ ಇರುತ್ತಿರಲಿಲ್ಲ. ಕೆಲವೊಮ್ಮೆ ಇತ್ತೀಚೆಗೆ ಮಾಡಿದ ಪಟ್ಟಿಗಳು ಹೆಸರು ಸಮೇತ ಮಾಯ. ನಾಲ್ಕನೆಯದು ವಿಚಿತ್ರ: ಮೂವತ್ತು ಹಾಡಿನ ಪಟ್ಟಿಯಲ್ಲಿ ಹನ್ನೊಂದು ಇದ್ದು ಹತ್ತೊಂಬತ್ತು ಇಲ್ಲ. ನಾಲ್ಕಕ್ಕೂ ಒಂದೇ ಔಷಧಿ ಹುಡುಕುತ್ತ ಐದು ತಿಂಗಳು ಕಳೆದಿದ್ದೆ.

ಸರದಿಯ ಕಾರಣ ಸರಳ. ಈಗ ಕೇಳುತ್ತಿರುವ ಹಾಡು, ಮುಂದಿನ ಹಾಡುಗಳು, ಎಲ್ಲಿಯವರೆಗೆ ಕೇಳಿದ್ದೇವೆ ಎಂಬ ಗುರುತು ಇವೆಲ್ಲ ಕರೆಂಟ್ ಇರುವ ತನಕ ಮಾತ್ರ ನಿಲ್ಲುವ ನೆನಪಾದ ರ‍್ಯಾಮ್‌ನಲ್ಲಿರುತ್ತವೆ. ತಂತ್ರಾಂಶವನ್ನು ಕ್ರಮವಾಗಿ ನಿಲ್ಲಿಸಿದರೆ ಹೋಗುವ ಮುನ್ನ ಅದನ್ನೆಲ್ಲ ಡಿಸ್ಕಿಗೆ ಬರೆದು ಹೋಗುತ್ತದೆ. ಕರೆಂಟ್ ಹೋದರೆ ಬರೆಯಲು ಪುರಸೊತ್ತು ಎಲ್ಲಿ? ಮ್ಯೂಸಿಕ್ ಪ್ಲೇಯರ್ ಡೀಮನ್ ಎಂಬ ಹಳೆಯ ತಂತ್ರಾಂಶ ಇದಕ್ಕಾಗಿಯೇ ಒಂದು ಸ್ಥಿತಿ ಕಡತವನ್ನು ಇಟ್ಟುಕೊಳ್ಳುತ್ತದೆ, ಮತ್ತು ಏನಾದರೂ ಬದಲಾದರೆ 120 ಸೆಕೆಂಡುಗಳೊಳಗೆ ಅದನ್ನು ತಾನಾಗಿಯೇ ಬರೆದಿಡುತ್ತದೆ. ಆದರೆ ಆ ಕಡತ ಎಲ್ಲಿರಬೇಕೆಂದು ಸಂರಚನೆಯಲ್ಲಿ ಸೂಚಿಸದಿದ್ದರೆ ಅದೂ ಸರದಿಯನ್ನು ಮರೆಯುತ್ತದೆ. ನಾನು ಬಳಸುವ ತಂತ್ರಾಂಶದಲ್ಲೂ ಅಂಥ ಆಯ್ಕೆ ಇದೆ. ಸೆಟ್ಟಿಂಗ್ಸ್‌ನ ನಾಲ್ಕನೆಯ ಪುಟದಲ್ಲಿ ‘ಸುಧಾರಿತ’ ಎಂಬ ತಲೆಬರಹದ ಕೆಳಗೆ ಅಡಗಿದೆ, ಮೊದಲಿಗೆ ಅದು ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದೆ, ಒಂದು ನಿಮಿಷಕ್ಕೊಮ್ಮೆ ಬರೆಯುವಂತೆ ಹೇಳಿದೆ. ಆ ರೋಗ ಅಲ್ಲಿಗೆ ಮುಗಿಯಿತು.

ಬರಿದಾಗುವ ಪಟ್ಟಿಗಳ ವಿಷಯ ಅಷ್ಟು ಸುಲಭವಾಗಿರಲಿಲ್ಲ, ಮತ್ತು ಈ ತಂತ್ರಾಂಶದ ಮೇಲೆ ನನಗಿರುವ ನಿಜವಾದ ಸಿಟ್ಟೂ ಇಲ್ಲಿಯೇ ಇದೆ. ಉಳಿಸಿದ ಪ್ರತಿಯೊಂದು ಪಟ್ಟಿಯನ್ನೂ ಅದು ಎಂ3ಯು ಎಂಬ ಸಾದಾ ಪಠ್ಯ ಕಡತವಾಗಿ ಒಂದು ಫೋಲ್ಡರ್‌ನಲ್ಲಿ ಇಡುತ್ತದೆ. ಕಡತದ ಮೊದಲ ಸಾಲಿನಲ್ಲಿ ಒಂದು ಗುರುತು, ಅದರ ಕೆಳಗೆ ಸಾಲಿಗೊಂದರಂತೆ ಹಾಡುಗಳ ವಿಳಾಸ. ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದಾದ್ದರಿಂದ ಈ ಏರ್ಪಾಡು ನನಗೆ ಇಷ್ಟ. ‘ಶುಕ್ರವಾರ’ ಬರಿದಾದ ದಿನ ಆ ಫೋಲ್ಡರ್ ತೆರೆದು ನೋಡಿದರೆ, ಹಿಂದಿನ ದಿನ ಐದು ಕೆಬಿಗೂ ಹೆಚ್ಚಿದ್ದ ಕಡತ ಎಂಟು ಬೈಟ್ ಆಗಿತ್ತು. ಎಂಟು ಬೈಟ್ ಎಂದರೆ ಮೊದಲ ಸಾಲಿನ ಆ ಏಳು ಅಕ್ಷರಗಳ ಗುರುತು ಮತ್ತು ಸಾಲು ಮುರಿಯುವ ಒಂದು ಚಿಹ್ನೆ, ಅಷ್ಟೇ. ಅಂದರೆ ಯಾರೋ ಅದನ್ನು ಅಳಿಸಿರಲಿಲ್ಲ. ಹಾಡುಗಳನ್ನೆಲ್ಲ ತೆಗೆದು ಹೊಸದಾಗಿ ಬರೆದಿದ್ದರು. ಹಾಗೆ ಬರೆದವರು ಬೇರೆ ಯಾರೂ ಅಲ್ಲ, ತಂತ್ರಾಂಶವೇ.

ನಡೆಯುತ್ತಿದ್ದುದು ಹೀಗೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಯುಎಸ್‌ಬಿ ಡಿಸ್ಕ್ ತಾನಾಗಿಯೇ ತೆರೆದುಕೊಳ್ಳುವುದು ಯಾರಾದರೂ ಲಾಗಿನ್ ಆದ ಮೇಲೆ. ಮ್ಯೂಸಿಕ್ ಸರ್ವರ್ ಹಾಗಲ್ಲ, ಅದು ಹಿನ್ನೆಲೆಯ ಸೇವೆಯಾದ್ದರಿಂದ ಯಂತ್ರ ಎದ್ದ ಕೂಡಲೇ, ಲಾಗಿನ್‌ಗೆ ಮುಂಚೆಯೇ ಓಡತೊಡಗುತ್ತದೆ. ಎದ್ದೊಡನೆ ಅದು ಹಾಡಿನ ಫೋಲ್ಡರ್ ಜಾಲಾಡುತ್ತದೆ. ಡಿಸ್ಕ್ ಇನ್ನೂ ಬಂದಿಲ್ಲ, ಫೋಲ್ಡರ್ ಇಲ್ಲ. ಹಾಗಾದರೆ ಐದು ಸಾವಿರದ ಎಂಟುನೂರು ಹಾಡುಗಳನ್ನೂ ಮನೆಯವರು ಅಳಿಸಿದ್ದಾರೆ ಎಂದು ಅದು ತೀರ್ಮಾನಿಸುತ್ತದೆ. ಆಮೇಲೆ ಅಚ್ಚುಕಟ್ಟಿನ ಗುಮಾಸ್ತನಂತೆ ಮೂವತ್ತೇಳು ಪಟ್ಟಿಗಳನ್ನೂ ತೆರೆದು, ‘ಇಲ್ಲದ’ ಹಾಡುಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಅದೇ ಕಡತದ ಮೇಲೆ ಬರೆಯುತ್ತದೆ. ನಾನು ಮಹಡಿ ಹತ್ತಿ ಲಾಗಿನ್ ಆಗುವಷ್ಟರಲ್ಲಿ ಡಿಸ್ಕ್ ಬರುತ್ತದೆ, ಹಾಡುಗಳೆಲ್ಲ ಮತ್ತೆ ಕಾಣುತ್ತವೆ, ಪಟ್ಟಿಗಳು ಮಾತ್ರ ಬರಿದು. ಕೆಲವೊಮ್ಮೆ ಪಟ್ಟಿಗಳು ಉಳಿಯುತ್ತಿದ್ದುದಕ್ಕೂ ಉತ್ತರ ನೋಟ್‌ಬುಕ್‌ನಲ್ಲೇ ಇತ್ತು: ನಾನಾಗಿಯೇ ಮೆನುವಿನಿಂದ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದ ದಿನಗಳಲ್ಲಿ ಡಿಸ್ಕ್ ಮೊದಲೇ ತೆರೆದಿರುತ್ತಿತ್ತು.

ಪರಿಹಾರ ಎರಡು ಹೆಜ್ಜೆಯದು. ಡಿಸ್ಕ್ ಲಾಗಿನ್‌ಗೆ ಕಾಯದೆ ಯಂತ್ರದೊಂದಿಗೇ ತೆರೆದುಕೊಳ್ಳುವಂತೆ ಯಾವ ಡಿಸ್ಕನ್ನು ಎಲ್ಲಿ ತೆರೆಯಬೇಕೆಂದು ಯಂತ್ರ ಏಳುವಾಗ ಓದುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದಕ್ಕೊಂದು ಸಾಲು ಬರೆದೆ. ಡಿಸ್ಕನ್ನು ಗುರುತಿಸಲು ಅದಕ್ಕೆ ಮಾತ್ರ ಮೀಸಲಾದ ಯುಯುಐಡಿ ಸಂಖ್ಯೆಯನ್ನು ಕೊಟ್ಟೆ, ಏಕೆಂದರೆ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದ್ದರೆ ಡಿಸ್ಕಿನ ಸಾದಾ ಹೆಸರು ಬದಲಾಗಬಹುದು, ಆ ಸಂಖ್ಯೆ ಬದಲಾಗುವುದಿಲ್ಲ. ಅದೇ ಸಾಲಿನಲ್ಲಿ ‘ನೋಫೇಲ್’ ಎಂಬ ಪದ ಸೇರಿಸುವುದನ್ನು ಮರೆಯಬಾರದು. ಮರೆತರೆ, ಡಿಸ್ಕ್ ಕಳಚಿಟ್ಟ ದಿನ ಯಂತ್ರ ಒಂದೂವರೆ ನಿಮಿಷ ಕಾದು ತುರ್ತು ಸ್ಥಿತಿಗೆ ಹೋಗಿ ನಿಲ್ಲುತ್ತದೆ. ನಾನು ಮರೆತಿದ್ದೆ. ಎರಡನೆಯ ಹೆಜ್ಜೆಯಾಗಿ, ಹಿನ್ನೆಲೆಯ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಸರ್ವರ್‌ನ ಸೇವೆಗೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂಬ ನಿಯಮವನ್ನು ಹಾಡಿನ ಫೋಲ್ಡರ್‌ನ ವಿಳಾಸದೊಂದಿಗೆ ಸೇರಿಸಿದೆ. ಡಿಸ್ಕ್ ತೆರೆದುಕೊಳ್ಳುವ ತನಕ ಸರ್ವರ್ ಏಳುವುದಿಲ್ಲ, ಡಿಸ್ಕ್ ಇಲ್ಲದಿದ್ದರೆ ಏಳುವುದೇ ಇಲ್ಲ. ಹಾಡು ಬರದಿದ್ದರೂ ಚಿಂತೆಯಿಲ್ಲ, ಪಟ್ಟಿ ಉಳಿಯಬೇಕು ಎಂಬುದು ನನ್ನ ಲೆಕ್ಕ. ಏಳುವಾಗ ಜಾಲಾಡುವ ಅಭ್ಯಾಸವನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ದೇನೆ. ಹೊಸ ಹಾಡು ಸೇರಿಸಿದ ದಿನ ನಾನೇ ಗುಂಡಿ ಒತ್ತುತ್ತೇನೆ.

ಡಿಸ್ಕನ್ನು ಸರಿಯಾಗಿ ಹೊಂದಿಸದಿದ್ದುದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಫೋಲ್ಡರ್ ಕಾಣಲಿಲ್ಲವೆಂದರೆ ಅದರಲ್ಲಿದ್ದುದೆಲ್ಲ ಅಳಿದುಹೋಯಿತೆಂದು ತಿಳಿಯುವುದು ಯಾವ ನ್ಯಾಯ? ಮನೆಗೆ ಬೀಗ ಹಾಕಿರುವುದನ್ನು ನೋಡಿದ ಅಂಚೆಯವನು ಆ ಮನೆಯವರ ಹೆಸರನ್ನೇ ಪುಸ್ತಕದಿಂದ ಹೊಡೆದುಹಾಕಿದ ಹಾಗಾಯಿತು. ಐದು ಸಾವಿರ ಹಾಡು ಒಂದೇ ಕ್ಷಣದಲ್ಲಿ ಕಾಣೆಯಾದರೆ ಒಂದು ಪ್ರಶ್ನೆ ಕೇಳಬಹುದಿತ್ತು, ಒಂದು ಕೆಂಪು ಅಕ್ಷರದ ಎಚ್ಚರಿಕೆ ತೋರಿಸಬಹುದಿತ್ತು, ಕೊನೆಗೆ ಹಳೆಯ ಪಟ್ಟಿಯ ಒಂದು ಪ್ರತಿಯನ್ನಾದರೂ ಪಕ್ಕಕ್ಕೆ ಇಡಬಹುದಿತ್ತು. ಇದು ಯಾವುದನ್ನೂ ಮಾಡಲಿಲ್ಲ. ಮಾಡಿದ ಕೆಲಸವನ್ನು ದಾಖಲಿಸುವ ಲಾಗ್ ಕಡತದಲ್ಲಿ ಮಾತ್ರ ‘ಶುಚಿಗೊಳಿಸಲಾಗಿದೆ’ ಎಂಬರ್ಥದ ಒಂದು ಸಾಲು, ಏನೋ ಉಪಕಾರ ಮಾಡಿದ ಧಾಟಿಯಲ್ಲಿ.

ಹೊಸ ಪಟ್ಟಿಗಳು ಹೆಸರು ಸಮೇತ ಮಾಯವಾಗುತ್ತಿದ್ದುದು ಅನುಮತಿಯ ತೊಂದರೆ. ಒಮ್ಮೆ ಬರಿದಾದ ಪಟ್ಟಿಗಳನ್ನು ಹಳೆಯ ಪ್ರತಿಯಿಂದ ತಂದು ಹಾಕುವಾಗ ಫೋಲ್ಡರನ್ನೇ ನನ್ನ ಬಳಕೆದಾರ ಹೆಸರಿನಲ್ಲಿ ಹೊಸದಾಗಿ ಮಾಡಿದ್ದೆ. ಸರ್ವರ್ ಓಡುವುದು ತನ್ನದೇ ಬೇರೆ ಬಳಕೆದಾರ ಹೆಸರಿನಲ್ಲಿ. ಅದಕ್ಕೆ ಅಲ್ಲಿ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಪಟ್ಟಿ ನೆನಪಿನಲ್ಲಿ ಇರುವಷ್ಟು ಹೊತ್ತು ಪರದೆಯ ಮೇಲೆ ಕಾಣುತ್ತಿತ್ತು, ‘ಉಳಿಸಲಾಗಿದೆ’ ಎಂಬ ಹಸಿರು ಗುರುತೂ ಬರುತ್ತಿತ್ತು. ಫೋಲ್ಡರ್‌ನ ಒಡೆತನ ಬದಲಿಸಿದ ಮೇಲೆ ಸರಿಹೋಯಿತು. ಆ ಹಸಿರು ಗುರುತನ್ನು ಮಾತ್ರ ನಾನು ಇಂದಿಗೂ ನಂಬುವುದಿಲ್ಲ.

ನಾಲ್ಕನೆಯ ರೋಗದ ಮೂಲ ಸಿಕ್ಕಿದ್ದು ಕಂಪ್ಯೂಟರ್ ಜ್ಞಾನದಿಂದಲ್ಲ, ಒಂದನೆಯ ತರಗತಿಯ ಕಾಗುಣಿತದಿಂದ. ಉಳಿದ ಹಾಡುಗಳ ಹೆಸರನ್ನು ನೋಟ್‌ಬುಕ್‌ನ ಎಡಕ್ಕೆ, ಹೋದ ಹಾಡುಗಳ ಹೆಸರನ್ನು ಬಲಕ್ಕೆ ಬರೆಯುತ್ತ ಹೋದೆ. ಎಡಗಡೆ ‘ರಾಗ’, ‘ಹೂವು’, ‘ಮುರಳಿ’, ‘ಗೌರಿ’ ಎಂಬ ಪದಗಳಿದ್ದ ಹೆಸರುಗಳು. ಬಲಗಡೆ ‘ಗೀತೆ’, ‘ದೇವ’, ‘ಕೋಗಿಲೆ’, ‘ಕೊಳಲು’, ‘ಕೈಲಾಸ’. ಅರ್ಧ ಗಂಟೆ ಅದನ್ನೇ ನೋಡುತ್ತ ಕುಳಿತಿದ್ದೆ. ನನ್ನ ಹೆಂಡತಿ ಕಾಫಿ ತಂದವಳು ಹಣಕಿ ನೋಡಿ, ‘ಬಲಗಡೆ ಇರೋದೆಲ್ಲ ಗುಡಿಸಿನ ದೀರ್ಘ, ಏತ್ವದ ದೀರ್ಘ, ಓತ್ವ, ಐತ್ವ. ಎಡಗಡೆ ಅದ್ಯಾವುದೂ ಇಲ್ಲ’ ಎಂದಳು. ಅವಳು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಬಲಗಡೆಯ ಹಾಡುಗಳೆಲ್ಲ ಮಗಳ ಮ್ಯಾಕ್‌ನಿಂದ ಬಂದವು ಎಂಬುದು ಆಗ ನನಗೆ ಹೊಳೆಯಿತು.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಗೀ’ ಎಂಬುದರ ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ‘ಕೊ’ದ ಓತ್ವವನ್ನು ಬಿಡಿಸಿದರೆ ಏತ್ವ ಮತ್ತು ಕೊಂಬಿನ ಇಳಿ ಎಂದು ಎರಡಾಗುತ್ತದೆ, ‘ಕೋ’ ಮೂರಾಗುತ್ತದೆ. ಇಳಿ, ಕೊಂಬು, ಔತ್ವಗಳಿಗೆ ಈ ಇಬ್ಬಗೆಯಿಲ್ಲ. ಕಣ್ಣಿಗೆ ಎರಡೂ ರೂಪ ಒಂದೇ, ಅಚ್ಚು ಹಾಕಿದರೂ ಒಂದೇ, ಆದರೆ ಯಂತ್ರ ಬೈಟುಗಳನ್ನು ಹೋಲಿಸಿದಾಗ ಅವು ಬೇರೆ ಬೇರೆ ಹೆಸರುಗಳು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ನಕಲಿಸಿದಾಗ ಅದೇ ರೂಪ ನಮ್ಮ ಡಿಸ್ಕಿಗೂ ಬಂತು. ನಮ್ಮ ತಂತ್ರಾಂಶವಾದರೋ ಪಟ್ಟಿ ಬರೆಯುವಾಗ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತಂದು ಬರೆಯುತ್ತದೆ. ಓಡುತ್ತಿರುವಷ್ಟು ಹೊತ್ತು ಎಲ್ಲವೂ ಸರಿ. ಮತ್ತೆ ಶುರುವಾದಾಗ ಕಡತದಿಂದ ಪಟ್ಟಿ ಓದಿ, ಆ ಹೆಸರಿನ ಹಾಡು ಡಿಸ್ಕಿನಲ್ಲಿ ಇಲ್ಲವೆಂದು ತಿಳಿದು, ಮತ್ತೆ ಅದೇ ಗುಮಾಸ್ತಿಕೆ ನಡೆಸುತ್ತದೆ. ಕಾನ್ವ್‌ಎಂವಿ ಎಂಬ ಪುಟ್ಟ ಉಪಕರಣದಿಂದ ಎಲ್ಲ ಕಡತಗಳ ಹೆಸರನ್ನೂ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತಂದೆ. ಅದು ಮೊದಲು ಏನು ಮಾಡಲಿದ್ದೇನೆಂದು ತೋರಿಸುತ್ತದಷ್ಟೇ. ನಾವು ‘ನೋಟೆಸ್ಟ್’ ಎಂದು ಬೇರೆಯಾಗಿ ಹೇಳಿದ ಮೇಲೆಯೇ ಹೆಸರು ಮುಟ್ಟುತ್ತದೆ. ಒಳ್ಳೆಯ ನಡವಳಿಕೆ, ಅದಕ್ಕಿಂತ ನೂರು ಪಾಲು ದೊಡ್ಡದಾದ ಸರ್ವರ್ ತಂತ್ರಾಂಶ ಇದನ್ನು ನೋಡಿ ಕಲಿಯಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಹಾಡಿನ ಹೆಸರು ಬರೆಯುವವರಿಗೆ ಈ ತೊಂದರೆ ಬರುವುದಿಲ್ಲ. ಹಾಗೆಂದು ಹೆಸರುಗಳನ್ನು ಇಂಗ್ಲಿಷ್‌ಗೆ ಬದಲಿಸುವ ಮನಸ್ಸು ನಮಗಿಬ್ಬರಿಗೂ ಬರಲಿಲ್ಲ.

ಇಷ್ಟಾದ ಮೇಲೂ ಬ್ಯಾಕಪ್ ಇಲ್ಲದೆ ನಾನು ಮಲಗುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8 ಎಂಬ ಬರೆದಿಡುವ ಕ್ರಮದಲ್ಲಿ ಮೂರು ಬೈಟ್ ಬೇಕಾದರೂ ಮೂವತ್ತೇಳು ಪಟ್ಟಿಗಳೂ ಸೇರಿ ಇನ್ನೂರು ಕೆಬಿ ಮುಟ್ಟುವುದಿಲ್ಲ. ರಾತ್ರಿ ಎರಡು ಗಂಟೆಗೆ ಆ ಫೋಲ್ಡರ್ ಪೂರ್ತಿಯಾಗಿ ಅಂದಿನ ದಿನಾಂಕದ ಹೆಸರಿನಲ್ಲಿ ಇನ್ನೊಂದು ಕಡೆಗೆ ನಕಲಾಗುವಂತೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಬರೆದಿದ್ದೇನೆ. ದಿನಾಂಕ ಮುಖ್ಯ. ಮೊದಲು ಒಂದೇ ಪ್ರತಿಯ ಮೇಲೆ ಮತ್ತೆ ಮತ್ತೆ ನಕಲಿಸುತ್ತಿದ್ದೆ, ಬರಿದಾದ ಪಟ್ಟಿಗಳು ಒಳ್ಳೆಯ ಪಟ್ಟಿಗಳ ಮೇಲೆ ಕುಳಿತುಬಿಟ್ಟವು. ‘ಮಾವನವರದು’ ಶಾಶ್ವತವಾಗಿ ಹೋದದ್ದು ಹಾಗೆ. ಯುಪಿಎಸ್ ಒಂದನ್ನೂ ಕೊಂಡೆ. ಕೊಳ್ಳುವವರು ಯುಎಸ್‌ಬಿ ತಂತಿಯಿಂದ ಕಂಪ್ಯೂಟರ್‌ಗೆ ಸುದ್ದಿ ಮುಟ್ಟಿಸುವ ಮಾದರಿಯನ್ನೇ ಕೇಳಿ ಪಡೆಯುವುದು ಮೇಲು. ಬ್ಯಾಟರಿ ಮುಗಿಯುವ ಮುನ್ನ ಯಂತ್ರ ಕ್ರಮವಾಗಿ ಮಲಗಲು ಅದು ಬೇಕು. ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಬಳಸಲು ನನ್ನ ಸೋದರಳಿಯ ಹೇಳಿದ. ಪಟ್ಟಿಗಳ ಫೋಲ್ಡರನ್ನು ಕಂಟೇನರ್‌ನ ಹೊರಗೆ ಇಡದಿದ್ದರೆ, ಮುಂದೊಂದು ದಿನ ಹೊಸ ಆವೃತ್ತಿಗಾಗಿ ಕಂಟೇನರ್ ಬದಲಿಸಿದಾಗ ಎಲ್ಲವೂ ಒಟ್ಟಿಗೇ ಹೋಗುತ್ತದೆ ಎಂದು ಓದಿದ ಮೇಲೆ ಆ ಸಹವಾಸ ಬೇಡವೆನಿಸಿತು.

ಇದನ್ನು ಹಾಕಿಕೊಳ್ಳಬಹುದೇ ಎಂದು ನೆರೆಹೊರೆಯವರು ಕೇಳುತ್ತಾರೆ. ಹಾಡುಗಳು ಕಂಪ್ಯೂಟರ್‌ನ ಒಳಗಿನ ಡಿಸ್ಕಿನಲ್ಲೇ ಇದ್ದು, ಪಟ್ಟಿ ಮಾಡುವ ಗೋಜು ಇಲ್ಲದವರು ಕಣ್ಣು ಮುಚ್ಚಿ ಹಾಕಿಕೊಳ್ಳಲಿ, ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಹೊರಗಿನ ಡಿಸ್ಕ್ ಬಳಸುವವರು ಮೊದಲ ದಿನವೇ ಮೇಲಿನ ಎರಡು ಹೆಜ್ಜೆಗಳನ್ನು ಮುಗಿಸಿ, ಬೇಕೆಂದೇ ಮೂರು ಸಲ ಯಂತ್ರವನ್ನು ಆರಿಸಿ ಹಚ್ಚಿ ನೋಡಿ, ಆಮೇಲೆ ಪಟ್ಟಿ ಮಾಡಲು ಕುಳಿತುಕೊಳ್ಳಲಿ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಒಂದು, ಕೇಳದೆ ಅಳಿಸಿದ್ದಕ್ಕೆ. ಅರ್ಧ, ಆ ಹಸಿರು ಗುರುತಿಗೆ.

ಕಳೆದ ಮಂಗಳವಾರ ಸಂಜೆ ಮಳೆಗೆ ನಾಲ್ಕು ಸಲ ಕರೆಂಟ್ ಹೋಯಿತು. ಅಭ್ಯಾಸಬಲದಿಂದ ಮಹಡಿ ಹತ್ತಿ ಎಣಿಸಿದೆ, ಮೂವತ್ತಾರೂ ಇದ್ದವು. ಮೂವತ್ತೇಳನೆಯದನ್ನು ನನ್ನ ಹೆಂಡತಿ ಮತ್ತೆ ಮಾಡುತ್ತಿದ್ದಾಳೆ. ಇಪ್ಪತ್ತೆರಡು ಹಾಡು ಆಗಿದೆ.